ಯಾವ ಬಾಪೂ?

ದುಂಡಸಿ
೧-೨-೧೯೮೮

ತುಳಸಾಬಾಯಿಯವರಿಗೆ ನಾಗವ್ವನ ನಮಸ್ಕಾರ.

ಯಾವ ನಾಗವ್ವ ಎಂದು ಹುಬ್ಬು ಗಂಟಿಕ್ಕುವ ಮೊದಲೇ ಹೇಳಿಬಿಡುತ್ತೇನೆ. ಸವಣೂರಿನ ಶಿದ್ಲಿಂಗಪ್ಪನ ಮಗಳು ನಾಗಿ. ನಿಮ್ಮ ಮನೆಗೆ ಹಾಲು ತರುತ್ತಿದ್ದವರ ಹುಡುಗಿ. ಅಷ್ಟಕ್ಕೂ ನೆನಪಾಗದಿದ್ದರೆ, ಮೂರನೇ ಇಯತ್ತೆಯಲ್ಲಿ ನಿಮ್ಮ ಪಾಟಿ ಒಡೆದು, ಬೆಕ್ಕು ಒಡೆಯಿತು ಎಂದು ಮಾಸ್ತರರ ಮುಂದೆ ಆಣೆ ಮಾಡಿದವಳು. ಈಗ ನೆನಪಾಗಿರಲೇಬೇಕು.

ನಾನು ಇಪ್ಪತ್ತನಾಲ್ಕು ವರ್ಷದಿಂದ ದುಂಡಸಿಯಲ್ಲಿ ನರ್ಸ್. ಈ ಊರಿನ ಅರ್ಧ ಜನ ಮೊದಲು ಅತ್ತದ್ದು ನನ್ನ ಕೈಯಲ್ಲಿ. ಹೋದ ತಿಂಗಳು ಹಾನಗಲ್ಲಿನಿಂದ ತವರಿಗೆ ಹೆರಿಗೆಗೆ ಬಂದ ಹುಡುಗಿಯೊಬ್ಬಳು ನಿಮ್ಮ ಹೆಸರು ಹೇಳಿದಳು. "ತುಳಸಾಬಾಯಾರು ನಮ್ಮ ಸಾಲಿ ದೊಡ್ಡ ಬಾಯಾರು ರೀ. ಅವರ ಕಾಕಾ ಅದಾರಲ್ಲ, ಬಾಪೂ ಮಾಸ್ತರು, ಎಂಬತ್ತರ ಹತ್ರ ಬಂದಾರು, ಇನ್ನೂ ದಿನಾ ಮುಂಜಾನೆ ಕೆರಿ ಸುತ್ತಿ ಬರ್ತಾರ." ನನ್ನ ಕೈಯಲ್ಲಿದ್ದ ಟ್ರೇ ಬಿದ್ದೇ ಹೋಯಿತು. ಕಾಕಾ ಇನ್ನೂ ಇದ್ದಾರೆ! ಆ ಖುಷಿಗೆ ಆಕೆಯ ಕೂಸಿಗೆ ನಾನೇ ಒಂದು ಕುಂಚಿಗೆ ಹೊಲಿದು ಕೊಟ್ಟೆ.

ಆದರೂ ಬರೆಯುವ ಧೈರ್ಯ ಬಂದದ್ದು ಮೊನ್ನೆ ಶನಿವಾರ. ನಮ್ಮ ಪಂಚಾಯ್ತಿಯ ಟಿ.ವಿ.ಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿರುತ್ತಾರೆ. ಸಂಜೆ ಬೀಗ ತೆಗೆದು, ಒಬ್ಬನು ಮಾಳಿಗೆ ಹತ್ತಿ ಅಂಟೆನಾ ತಿರುವಿ, "ಬಂತೇನ್ರೋ?" ಎಂದು ಹತ್ತು ಸಲ ಕೂಗಿದ ಮೇಲೆ ಚಿತ್ರ ಬರುತ್ತದೆ. ಗಾಂಧಿಯವರು ಹೋಗಿ ನಲವತ್ತು ವರ್ಷವಾಯಿತೆಂದು ದಿಲ್ಲಿಯವರು ಒಂದು ಹಿಂದಿ ನಾಟಕ ಹಾಕಿದ್ದರು. ಹುಲಗೂರಿನಿಂದ ಬಳೆ ಮಾರಲು ಬರುವ ಹಯಾತ ನಮಗೆಲ್ಲ ಕನ್ನಡದಲ್ಲಿ ಹೇಳುತ್ತಾನೆ. ಅವರು ಒಂದು ಮಾತಾಡಿದರೆ ಇವನು ನಾಲ್ಕು ಮಾತು ಸೇರಿಸುತ್ತಾನೆ.

ನಾಟಕದಲ್ಲಿ ಗುಂಡು ಹೊಡೆದ ಸುದ್ದಿ ಬಂತು. ಊರೆಲ್ಲ ಅಳುತ್ತಿತ್ತು. ಒಂದು ಮನೆಯವರು ಮಾತ್ರ ನಗುನಗುತ್ತ ಪೇಢೆ ಹಂಚಿದರು. ನಮ್ಮ ಜನ ಎದ್ದು ನಿಂತು ಬೈದರು. ನಮ್ಮ ಓಣಿಯ ಫಕ್ಕೀರವ್ವನಂತೂ ಬಾಯೊಳಗಿನ ಎಲೆಯಡಿಕೆ ಉಗುಳಿ ಬಂದು ಬೈದಳು. ನನಗೆ ಏನಾಯಿತೋ, ನಡುವೆ ಎದ್ದು ನಿಂತು ಒದರಿದೆ: "ಸುಮ್ಮಕಿರ್ರಿ! ಸಿಹಿ ಹಂಚಿದವರೆಲ್ಲಾ ಅದಕ್ಕ ಹಂಚಿರತಾರಂತ ನಿಮಗ್ಯಾರು ಹೇಳಿದ್ರು?" ಎಲ್ಲರೂ ನಾಟಕ ಬಿಟ್ಟು ನನ್ನನ್ನೇ ನೋಡಿದರು. ಹಿಂದಿನಿಂದ ಯಾರೋ, "ನರ್ಸವ್ವ ಟಿ.ವಿ. ಜೋಡಿ ಜಗಳಾ ತಗದಾಳ" ಎಂದರು. ಅಲ್ಲಿಂದ ಎದ್ದು ಮನೆಗೆ ಬಂದೆ.

ಕಾಕಾ ಅವರಿಗೆ ನಾನು ಒಂದು ಮಾತು ಹೇಳುವುದಿದೆ. ಅವರ ಎದುರು ನಿಂತೇ ಹೇಳಬೇಕು. ಹಾನಗಲ್ಲಿಗೆ ಬರಲೇ? ಬೇಡವೆಂದರೆ ಬೇಡವೆಂದೇ ಬರೆಯಿರಿ, ಬೇಜಾರಿಲ್ಲ. ಬೇಜಾರಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು.

ನಿಮ್ಮ
ನಾಗಿ


ಹಾನಗಲ್
೧೦-೨-೧೯೮೮

ನಾಗವ್ವನಿಗೆ,

ಪತ್ರ ಮುಟ್ಟಿತು. ಹದಿನಾಲ್ಕು ಕಡೆ ಕಾಗುಣಿತ ತಪ್ಪಿದ್ದೀ. ಮಹಾಪ್ರಾಣದೊಡನೆ ನಿನಗೆ ಆಗ ಇದ್ದ ವೈರ ಈಗಲೂ ಇದೆ. ಕೆಂಪು ಮಸಿಯಲ್ಲಿ ತಿದ್ದಿ ವಾಪಸು ಕಳಿಸೋಣವೆಂದು ಪೆನ್ನು ತೆಗೆದೆ. ಆಮೇಲೆ ಮನಸ್ಸು ಬರಲಿಲ್ಲ, ಪತ್ರವನ್ನು ಹಾಗೇ ಮಡಿಸಿಟ್ಟುಕೊಂಡೆ.

ಪಾಟಿ ಒಡೆದವಳು ನೀನೇ ಎಂದು ನನಗೆ ಅವತ್ತೇ ಗೊತ್ತಿತ್ತು. ನಿಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಆ ನಾಟಕವನ್ನು ನಾವೂ ನೋಡಿದೆವು. ನಾನು, ನನ್ನ ಯಜಮಾನರು ಪ್ರಾಣೇಶರಾಯರು, ಕಾಕಾ. ಪೇಢೆ ಹಂಚುವ ಹೊತ್ತಿಗೆ ಕಾಕಾ, "ನೀರು ಕುಡದು ಬರ್ತೇನಿ" ಎಂದು ಎದ್ದರು. ಮುಗಿಯುವವರೆಗೂ ಬರಲಿಲ್ಲ. ಹೋಗಿ ನೋಡಿದರೆ ಹಿತ್ತಲಲ್ಲಿ ಕೂತು ಒಣಗಿದ ಧೋತ್ರವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು.

ಅವರು ಸವಣೂರನ್ನು ಬಿಟ್ಟು ನಲವತ್ತು ವರ್ಷ. ಶಿಗ್ಗಾವಿಗೆ ಹೋಗುತ್ತಾರೆ, ಹಿರೇಕೆರೂರಿಗೆ ಹಳೆಯ ವಿದ್ಯಾರ್ಥಿಗಳ ಮದುವೆಗೆ ಹೋಗುತ್ತಾರೆ. ಸವಣೂರಿಗೆ ಮಾತ್ರ, ಮಠದ ಆರಾಧನೆಗೂ ಹೋಗಿಲ್ಲ. ನಮ್ಮ ಮನೆಯಲ್ಲಿ ಆ ದಿನದ ಮಾತನ್ನು ಯಾರೂ ಎತ್ತುವುದಿಲ್ಲ. ಹಾಗಿರುವಾಗ ನೀನು ಬಂದು ಎದುರು ನಿಂತು ಏನು ಹೇಳುತ್ತೀ? ಅದನ್ನು ಮೊದಲು ನನಗೆ ಬರೆ. ಓದಿ ನೋಡಿ, ಬಾ ಎನ್ನಬೇಕೋ ಬೇಡವೋ ಹೇಳುತ್ತೇನೆ.

ಇನ್ನೊಂದು. "ನೀವು" ಎಂದು ಬರೆಯುವುದನ್ನು ನಿಲ್ಲಿಸು. ನನ್ನ ಜಡೆಯಲ್ಲಿ ನೆಗ್ಗಿಲು ಮುಳ್ಳು ಸಿಕ್ಕಿಸಿದವಳಿಗೆ ಈ ಮರ್ಯಾದೆ ಒಪ್ಪುವುದಿಲ್ಲ.

ತುಳಸಾ


ದುಂಡಸಿ
೧೫-೨-೧೯೮೮

ತುಳಸಾ,

ಸರಿ, ನೀನು. ಬರೆಯುವಾಗ ಕೈ ಹಗುರಾಯಿತು.

ನಾನು ಕಂಡದ್ದನ್ನು ಬರೆಯುತ್ತೇನೆ. ನಿನ್ನ ಮನೆಯ ಒಳಗಿನದು ನನಗೆ ಗೊತ್ತಿಲ್ಲ.

ಆ ಶುಕ್ರವಾರ ಸಂಜೆ ನಮ್ಮವ್ವನಿಗೆ ಕೆಮ್ಮಿನ ಔಷಧ ತರಲು ಕಂಪೌಂಡರ್ ಮೆಹಬೂಬಸಾಹೇಬರ ಮನೆಗೆ ಹೋಗಿದ್ದೆ. ಓಣಿಯಲ್ಲಿ ರೇಡಿಯೊ ಇದ್ದದ್ದು ಅವರೊಬ್ಬರಿಗೇ. ಅವರು ಕಣ್ಣೊರೆಸುತ್ತ ಹೊರಗೆ ಬಂದು, "ಬಾಪೂ ಗುಜರ್ ಗಯೇ, ಬೇಟಿ" ಎಂದರು. ಗಾಂಧಿ ಮುತ್ಯಾ ಸತ್ತರು ಎಂದು ನನಗೆ ತಿಳಿಯಿತು. ದುಃಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂಬತ್ತು ವರ್ಷದವಳಿಗೆ ಏನು ದುಃಖ? ಇಷ್ಟು ದೊಡ್ಡ ಸುದ್ದಿ ಎಲ್ಲರಿಗಿಂತ ಮೊದಲು ನನಗೇ ಸಿಕ್ಕಿತಲ್ಲ ಎಂದು ಹಿಗ್ಗಿ, ಔಷಧದ ಬಾಟಲಿ ಅಲ್ಲೇ ಬಿಟ್ಟು ಓಡಿದೆ. ಮನೆ ಮನೆಗೂ ಒದರಿಕೊಂಡು ಹೋದೆ. ನೀನು ಕಟ್ಟೆಯ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಿ. ನಿನಗೆ, "ಬಾಪೂ ಹ್ವಾದ್ರಂತ!" ಎಂದು ಹೇಳಿ, ಮುಂದಿನ ಮನೆಗೆ ಓಡಿಬಿಟ್ಟೆ.

ನಿಮ್ಮ ಕಾಕಾನ ಹೆಸರು ನರಸಿಂಹ ಆದರೂ ಊರಿಗೆಲ್ಲ ಬಾಪೂ ಎಂಬುದು ನನಗೆ ಗೊತ್ತಿತ್ತು. ಅವರು ಹಿರೇಕೆರೂರಿನಲ್ಲಿ ಮಾಸ್ತರಿಕೆ ಮಾಡುತ್ತ, ಆ ವಾರ ಜ್ವರದಲ್ಲಿ ಮಲಗಿದ್ದಾರೆ ಎಂದು ಪತ್ರ ಬಂದದ್ದೂ ಗೊತ್ತಿತ್ತು. ಹಾಲು ಹಾಕಲು ಬಂದಾಗ ನಿನ್ನವ್ವನೇ ಹೇಳಿದ್ದರು. ಆದರೂ "ಗಾಂಧಿ" ಎಂಬ ಒಂದು ಮಾತನ್ನು ನಾನು ಸೇರಿಸಲಿಲ್ಲ.

ಮರುದಿನ ಊರೆಲ್ಲ ಉಪವಾಸ. ಮಧ್ಯಾಹ್ನ ನಿಮ್ಮ ಓಣಿಗೆ ಬಂದರೆ, ನಿಮ್ಮ ಅಜ್ಜಿ ಗಂಗಾಬಾಯಿ ಬಾಗಿಲಲ್ಲಿ ನಿಂತು ಹೋಗುವವರಿಗೆ ಬರುವವರಿಗೆ ಸಕ್ಕರೆ ಹಂಚುತ್ತಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನನಗೂ ಒಂದು ಮುಷ್ಟಿ ಸಿಕ್ಕಿತು. ಸಕ್ಕರೆಗೆ ರೇಷನ್ ಇದ್ದ ಕಾಲ, ನಾನು ಬಾಯಿ ತುಂಬ ಹಾಕಿಕೊಂಡೆ.

ಸ್ವಲ್ಪ ಹೊತ್ತಿಗೆ ಜನ ಸೇರಿದರು. ಗಾಂಧಿಯನ್ನು ಕೊಂದ ಮರುದಿನ ಈ ಮನೆಯವರು ಸಕ್ಕರೆ ಹಂಚುತ್ತಾರೆ ಎಂದು ಸುದ್ದಿಯಾಗಿತ್ತು. ಕಾಕಾ ಖಾದಿ ಟೋಪಿ ಹಾಕಿಕೊಂಡು ಹೊರಗೆ ಬಂದು ಕೈಮುಗಿದು ಹೇಳಿದರು: "ನಾನ ಸತ್ತೇನಿ ಅಂತ ನಮ್ಮವ್ವಗ ಯಾರೋ ಸುಳ್ಳು ಸುದ್ದಿ ಹೇಳಿದ್ರು. ನಾ ಬದುಕಿ ಬಂದದ್ದು ನೋಡಿ ಸಂತೋಷಕ್ಕ ಕೊಟ್ಟಾಳ್ರಿ." ಜನ ನಕ್ಕರು. "ಭಾಳ ಛಲೋ ಕಥಿ ಕಟ್ಟೀರಿ ಮಾಸ್ತರ. ಯಾರು ಹೇಳಿದವರು, ಹೆಸರು ಹೇಳ್ರಿ ನೋಡೋಣು." ಕಾಕಾ ಎಲ್ಲರ ಮುಖ ನೋಡಿದರು. "ಗೊತ್ತಿಲ್ಲರಿ" ಎಂದರು.

ನಾನು ಅಲ್ಲೇ ಇದ್ದೆ ತುಳಸಾ. ನಮ್ಮಪ್ಪನ ಧೋತರ ಹಿಡಿದುಕೊಂಡು ಅವನ ಹಿಂದೆ ನಿಂತಿದ್ದೆ. ನಾನೇ ಹೇಳಿದ್ದು ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಕೈಗೆ ಅಂಟಿದ ಸಕ್ಕರೆಯನ್ನು ಪರಕಾರಕ್ಕೆ ಒರೆಸಿಕೊಂಡು ಸುಮ್ಮನೆ ನಿಂತೆ.

ಮರುದಿನದಿಂದ ನಮ್ಮಪ್ಪ ನಿಮಗೆ ಹಾಲು ನಿಲ್ಲಿಸಿದ. ಅಗಸರು ಬಟ್ಟೆ ಒಯ್ಯಲಿಲ್ಲ. ಶಾಲೆಯಲ್ಲಿ ನಿನಗೆ "ಸಕ್ಕರಿ ಮನಿ" ಎಂದು ಹೆಸರಿಟ್ಟರು. ತಿಂಗಳೊಳಗೆ ನೀವು ಮನೆಗೆ ಕೀಲಿ ಹಾಕಿ ಹಾನಗಲ್ಲಿಗೆ ಹೋದಿರಿ. ನವಾಬರ ಸಂಸ್ಥಾನ ಮುಗಿದದ್ದೂ ಆಗಲೇ. ಊರಿನವರು ಸಂಸ್ಥಾನ ಹೋಯಿತೆಂದು ಮಾತಾಡಿಕೊಂಡರು, ನಾನು ಮಾತ್ರ ನಿನ್ನ ಗಾಡಿ ಹೋದ ಹಾದಿ ನೋಡಿದೆ. ಗಾಡಿಯಲ್ಲಿ ಕೂತವಳು ನೀನು ನನ್ನ ಕಡೆಗೆ ತಿರುಗಿ ನೋಡಲಿಲ್ಲ. ಅದು ಸರಿಯೇ ಇತ್ತು.

ಇದನ್ನು ಕಾಕಾ ಅವರ ಎದುರು ಹೇಳಿ, ಅವರು ಬೈದರೆ ಬೈಸಿಕೊಂಡು, ಕ್ಷಮಿಸಿದರೆ ಕಾಲಿಗೆ ಬಿದ್ದು ಬರುತ್ತೇನೆ. ಅವರು ಇರುವಾಗಲೇ ಆಗಬೇಕು. ಬಾ ಎನ್ನು.

ನಾಗಿ


ಹಾನಗಲ್
೨೧-೩-೧೯೮೮

ನಾಗಿ,

ಒಂದು ತಿಂಗಳ ಮೇಲಾಯಿತು. ನಾನು ಸಿಟ್ಟಾಗಿದ್ದೇನೆ ಎಂದು ತಿಳಿದು ಮತ್ತೆರಡು ಕಾರ್ಡು ಹಾಕಿದ್ದೀ. ಎರಡಕ್ಕೂ ಉತ್ತರ ಬರೆಯಲಿಲ್ಲ. ಯುಗಾದಿ ಆಗಲಿ ಎಂದೆ, ಯುಗಾದಿ ಆಯಿತು. ಪರೀಕ್ಷೆ ಮುಗಿಯಲಿ ಎಂದೆ, ಅದು ಇನ್ನೂ ಶುರುವಾಗಿಲ್ಲ. ಇನ್ನು ನೆವ ಉಳಿದಿಲ್ಲ.

ನಾಗಿ, ನೀನು ಹೇಳಿದ್ದು ಹಾಗಲ್ಲ.

ನೀನು ಕಟ್ಟೆಯ ಹತ್ತಿರ ಬಂದು, ಏದುಸಿರು ಬಿಡುತ್ತ, "ಗಾಂಧಿ ಬಾಪೂ ಹ್ವಾದ್ರಂತಲೇ ತುಳಸಿ, ದಿಲ್ಲ್ಯಾಗ ಗುಂಡು ಹೊಡದಾರಂತ!" ಎಂದಿ. ಇಷ್ಟೂ ಹೇಳಿದಿ. ಮುಂದಿನ ಮನೆಗಳಿಗೆ ಹೋಗುವ ಹೊತ್ತಿಗೆ ನಿನಗೆ ದಮ್ಮು ಸಾಲದೆ ಚಿಕ್ಕದಾಗಿರಬೇಕು. ನನ್ನ ಹತ್ತಿರ ಮಾತ್ರ ಪೂರಾ ಹೇಳಿದ್ದಿ. ನನ್ನ ಕಿವಿಯಲ್ಲಿ ಅದು ಈಗಲೂ ಇದೆ.

ಚಿಕ್ಕದು ಮಾಡಿದವಳು ನಾನು. ಒಳಗೆ ಓಡಿಹೋಗಿ, ದೀಪ ಹಚ್ಚುತ್ತಿದ್ದ ಅಜ್ಜಿಗೆ, "ಅಜ್ಜೀ, ಬಾಪೂ ಹೋದರಂತ!" ಎಂದೆ. ನಾನು ಕಾಕಾನನ್ನು ಎಂದೂ ಬಾಪೂ ಎಂದು ಕರೆದವಳಲ್ಲ. ನನಗೆ ಅವರು ಕಾಕಾ, ಬಾಪೂ ಎಂದರೆ ಶಾಲೆಯ ಗೋಡೆಯ ಮೇಲಿನ ಗಾಂಧಿ. ಅಜ್ಜಿಗೆ ಲೋಕದಲ್ಲಿ ಇದ್ದದ್ದು ಒಬ್ಬನೇ ಬಾಪೂ. ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಬಿಟ್ಟು ಕಿರುಚಿದಳು. ಅವ್ವ ಓಡಿಬಂದಳು. ಅಪ್ಪ ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಸೈಕಲ್ ಹತ್ತಿ, ತಮ್ಮನ ದೇಹ ತರಲು ಹಾವೇರಿಯ ಮೇಲೆ ಹಿರೇಕೆರೂರಿನ ಹಾದಿ ಹಿಡಿದರು.

"ಗಾಂಧಿ" ಎನ್ನಲು ನನಗೆ ಎಷ್ಟು ಹೊತ್ತು ಬೇಕಿತ್ತು? ಬಾಯಿ ತೆರೆದೆ. ಅಜ್ಜಿ ಎದೆ ಬಡಿದುಕೊಳ್ಳುತ್ತಿದ್ದಳು. ಇಷ್ಟೆಲ್ಲ ಆದ ಮೇಲೆ ಹೇಳಿದರೆ ಅಪ್ಪ ಚರ್ಮ ಸುಲಿಯುತ್ತಾರೆ ಎಂದು ಮುಚ್ಚಿದೆ. ಓಣಿಯ ಹೆಂಗಸರೆಲ್ಲ ಅಳುತ್ತ ನಮ್ಮ ಕಟ್ಟೆಗೆ ಬಂದು ಕೂತರು. ಅವರು ಅತ್ತದ್ದು ಗಾಂಧಿಗೆ, ನಮ್ಮವರು ಅತ್ತದ್ದು ಕಾಕಾಗೆ. "ಹಿಂಗಾಗಬಾರದಿತ್ತರಿ, ದೇವರಂಥಾ ಮನಶ್ಯಾ" ಎಂದು ಅವರು. "ನನ್ನ ಬಾಪೂಗ ಊರಿಗೆ ಊರ ಅಳಾಕ್ಹತ್ತೇದ ನೋಡು" ಎಂದು ಅಜ್ಜಿ. ಒಬ್ಬರಾದರೂ ಯಾವ ಬಾಪೂ ಎಂದು ಕೇಳಬೇಡವೇ? ಎಲ್ಲರಿಗೂ ಗೊತ್ತಿದ್ದ ಸಂಗತಿ, ಕೇಳುವವರು ಯಾರು?

ಮರುದಿನ ಮಧ್ಯಾಹ್ನದವರೆಗೂ ಆ ಮನೆಯಲ್ಲಿ ಕಾಕಾ ಬದುಕಿದ್ದಾರೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಹೆದರಿಕೆಗೆ ಎಲ್ಲರಿಗಿಂತ ಜೋರಾಗಿ ಅತ್ತೆ. "ಹುಡುಗಿಗೆ ಕಾಕಾ ಅಂದ್ರ ಎಷ್ಟು ಜೀವ ನೋಡ್ರಿ" ಎಂದು ಎಲ್ಲರೂ ನನ್ನನ್ನೇ ಸಂತೈಸಿದರು. ಆ ಸಂತೈಸುವಿಕೆಯಿಂದ ನನಗೆ ಹೊಡೆತಕ್ಕಿಂತ ಹೆಚ್ಚು ನೋವಾಯಿತು.

ಗಾಂಧಿ ಹೋದರೆಂದು ಶಾಲೆಗಳಿಗೆ ರಜೆ ಕೊಟ್ಟಿದ್ದರಿಂದ, ಜ್ವರವೂ ಇಳಿದಿದ್ದರಿಂದ, ಕಾಕಾ ಮರುದಿನ ಮಧ್ಯಾಹ್ನ ತಾವೇ ಬಂದುಬಿಟ್ಟರು. ಅಪ್ಪ ಹಾವೇರಿಯಲ್ಲಿ ನಿಜ ತಿಳಿದು, ಅಳಬೇಕೋ ನಗಬೇಕೋ ಗೊತ್ತಾಗದೆ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದರಂತೆ. ಮುಂದಿನದು ನೀನೇ ಕಂಡದ್ದು. ಹೇಳಿದವರ ಹೆಸರು ಹೇಳಿರಿ ಎಂದು ಜನ ಕೇಳಿದಾಗ ನೀನು ನಿಮ್ಮಪ್ಪನ ಹಿಂದೆ ನಿಂತಿದ್ದಿ, ನಾನು ಬಾಗಿಲ ಹಿಂದೆ ನಿಂತಿದ್ದೆ. ಮನೆಯವರು ಕೇಳಿದಾಗ, "ಯಾರೋ ಹಾದಿಯಾಗ ಒದರಿದ್ರು" ಎಂದೆ. ಇವತ್ತಿನವರೆಗೂ ಅದೇ ಉತ್ತರ.

ಗಾಡಿಯಲ್ಲಿ ಕೂತು ನಿನ್ನ ಕಡೆ ನೋಡದಿದ್ದದ್ದು ಸಿಟ್ಟಿಗಲ್ಲ. ನಿಜ ಗೊತ್ತಿದ್ದವಳು ನೀನೊಬ್ಬಳು, ನೋಡಿದರೆ ಅಲ್ಲೇ ಹೇಳಿಬಿಡುತ್ತೀ ಎಂದು ಹೆದರಿದ್ದೆ. ನಲವತ್ತು ವರ್ಷ ನಿನಗೆ ಪತ್ರ ಬರೆಯದಿದ್ದದ್ದೂ ಅದಕ್ಕೇ.

ಸುಳ್ಳು ಹೇಳಬಾರದು ಎಂದು ದಿನಾ ಐನೂರು ಹುಡುಗಿಯರಿಗೆ ಪಾಠ ಹೇಳುತ್ತೇನೆ. ನಗು ಬಂದರೆ ನಗು.

ತುಳಸಾ


ದುಂಡಸಿ
೨೫-೩-೧೯೮೮

ಎಲೇ ತುಳಸೀ!

ನಕ್ಕೆ. ಬಾಗಿಲು ಹಾಕಿಕೊಂಡು ನಕ್ಕೆ. ಆಮೇಲೆ ಅತ್ತೆ. ಆಮೇಲೆ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಹೆರಿಗೆಗೆ ಕರೆಯಲು ಬಂದವರು ನನ್ನ ಮುಖ ನೋಡಿ ಹೆದರಿ, "ಯಾರರೆ ಹೋದ್ರೇನ್ರಿ ನರ್ಸವ್ವಾ?" ಎಂದು ಕೇಳಿದರು. "ಯಾರೂ ಹೋಗಿಲ್ಲ, ಎಲ್ಲಾರೂ ಅದಾರ!" ಎಂದು ಅವರ ಜೊತೆ ನಡೆದೆ. ಅವಳಿ ಹೆಣ್ಣು ಕೂಸುಗಳು, ಎರಡೂ ಗಟ್ಟಿ ಇವೆ.

ನಲವತ್ತು ವರ್ಷ, ಮಾರಾಯಳೇ! ನಾನು ಪರೀಕ್ಷೆ ಪಾಸಾದಾಗ, ಲಗ್ನದಲ್ಲಿ, ಮೊದಲನೇ ಮಗನಿಗೆ ಹೆಸರಿಡುವಾಗ, ಎಲ್ಲ ಒಳ್ಳೆಯ ದಿನಗಳಲ್ಲೂ ನಿಮ್ಮ ಮನೆಗೆ ಕೀಲಿ ಹಾಕಿಸಿದವಳು ನಾನು ಎಂದು ಒಳಗೆ ಚುಚ್ಚುತ್ತಿತ್ತು. ಈಗ ನೋಡಿದರೆ ನೀನು ಅಲ್ಲಿ ಕೂತು ಅದನ್ನೇ ಚುಚ್ಚಿಸಿಕೊಳ್ಳುತ್ತಿದ್ದಿ. ಮುಳ್ಳು ಒಂದು, ಕಾಲು ಎರಡು.

ಆದರೆ ನನ್ನ ಪಾಲು ಪೂರಾ ಹೋಗಲಿಲ್ಲ. ಜನ ಹೆಸರು ಕೇಳಿದಾಗ ನಾನೂ ಸುಮ್ಮನಿದ್ದೆ. ನಮ್ಮಿಬ್ಬರಲ್ಲಿ ಯಾರು ಬಾಯಿ ಬಿಟ್ಟಿದ್ದರೂ ಕಾಕಾ ತಲೆ ತಗ್ಗಿಸಿ ಒಳಗೆ ಹೋಗಬೇಕಾಗಿರಲಿಲ್ಲ. ಆದ್ದರಿಂದ ಈಗ ನೀನೇ ಹೇಳು. ನನ್ನ ಪತ್ರಗಳನ್ನೂ ನಿನ್ನ ಮಾತನ್ನೂ ಸೇರಿಸಿ ಎಲ್ಲವನ್ನೂ ಓದಿ ಹೇಳು. ನೀನು ಹೇಳದಿದ್ದರೆ ನಾನು ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಒದರುತ್ತೇನೆ. ನನ್ನ ದನಿ ನಿನಗೆ ಗೊತ್ತಿದೆ.

ನಾಗಿ


ಹಾನಗಲ್
೪-೪-೧೯೮೮

ನಾಗಿ,

ಹೇಳಿದೆ.

ಶನಿವಾರ ಮುಂಜಾನೆ ಕಾಕಾ ಕೆರೆ ಸುತ್ತಿ ಬಂದು ಚಹಾ ಕುಡಿದ ಮೇಲೆ, ಎದುರು ಕೂತು, ನಿನ್ನ ಪತ್ರಗಳನ್ನು ಓದಿದೆ. ನನ್ನದನ್ನು ಬಾಯಲ್ಲಿ ಹೇಳಿದೆ. ಐವತ್ತು ವರ್ಷದ ಹೆಂಗಸು, ಹೆಡ್‌ಮಿಸ್ಟ್ರೆಸ್, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಕೈಕಟ್ಟಿ ಕೂತಿದ್ದೆ. ನೀನು ನೋಡಿದ್ದರೆ ಜನ್ಮವಿಡೀ ಆಡಿಕೊಳ್ಳುತ್ತಿದ್ದಿ.

ಕಾಕಾ ಬೈಯಲಿಲ್ಲ. ನಗಲೂ ಇಲ್ಲ. "ಗಾಂಧಿ ಬಾಪೂ ಅಂತ ಹೇಳಿದ್ದಳೇನು ಆ ಹುಡುಗಿ?" ಎಂದು ಒಂದು ಮಾತು ಕೇಳಿದರು. ಹೌದು ಎಂದೆ. ಎದ್ದು ಕೋಣೆಗೆ ಹೋದರು. ಅವತ್ತು ಮಾತಿಲ್ಲ, ಮರುದಿನ ಮಾತಿಲ್ಲ. ಊಟಕ್ಕೆ ಬಂದು ಎಲೆ ನೋಡುತ್ತ ಉಂಡು ಹೋಗುತ್ತಿದ್ದರು. ಪ್ರಾಣೇಶರಾಯರು, "ಈ ವಯಸ್ಸಿನ್ಯಾಗ ಅವರಿಗೆ ಇದನ್ನ ಯಾಕ ಹೇಳಿದಿ?" ಎಂದು ನನ್ನ ಮೇಲೆ ರೇಗಿದರು. ನನಗೂ ಹಾಗೇ ಅನ್ನಿಸಿತು, ನಾಗಿ. ನಮ್ಮ ಹೊರೆ ಇಳಿಸಿಕೊಳ್ಳಲು ಮುದುಕನ ತಲೆಯ ಮೇಲೆ ಇಟ್ಟೆವೇನೋ.

ಇವತ್ತು ಬೆಳಿಗ್ಗೆ ಇನ್‌ಲ್ಯಾಂಡ್ ಪತ್ರ ಕೇಳಿದರು. ನಿನ್ನ ವಿಳಾಸ ಕೇಳಿದರು. ಮಧ್ಯಾಹ್ನದವರೆಗೆ ಬರೆದು, ಸಾಲದೆ, ಇನ್ನೊಂದು ಇನ್‌ಲ್ಯಾಂಡ್ ಕೇಳಿದರು. ನಾನು ಹತ್ತಿರ ಹೋದರೆ ಕೈ ಅಡ್ಡ ಹಿಡಿದು, "ನೀ ಓದಬ್ಯಾಡ" ಎಂದರು. ತಾವೇ ಅಂಟು ಹಚ್ಚಿ, ಬಿಸಿಲಲ್ಲಿ ತಾವೇ ನಡೆದುಹೋಗಿ ಡಬ್ಬಿಗೆ ಹಾಕಿ ಬಂದರು.

ಏನು ಬರೆದಿದ್ದಾರೋ ನನಗೆ ಗೊತ್ತಿಲ್ಲ. ಬೈದಿದ್ದರೆ ಅರ್ಧ ನನ್ನ ಪಾಲಿಗೆ ಇಡು. ಏನಿದ್ದರೂ ತಿಳಿಸು, ನನಗೆ ನಿದ್ದೆಯಿಲ್ಲ.

ತುಳಸಾ


ಹಾನಗಲ್
೪-೪-೧೯೮೮

ಚಿರಂಜೀವಿ ನಾಗವ್ವನಿಗೆ ಬಾಪೂ ಮಾಸ್ತರನ ಆಶೀರ್ವಾದ.

ಎರಡು ದಿನ ನಾನು ಮಾತಾಡದ್ದನ್ನು ತುಳಸಾ ಸಿಟ್ಟು ಎಂದು ತಿಳಿದಿದ್ದಾಳೆ. ಸಿಟ್ಟಲ್ಲ. ನೀವಿಬ್ಬರೂ ನಿಮ್ಮ ಗುಟ್ಟು ಹೇಳಿಬಿಟ್ಟಿರಿ. ಇನ್ನು ನನ್ನದನ್ನು ಹೇಳದೆ ಗತಿಯಿಲ್ಲ. ಅದನ್ನು ಹೇಗೆ ಹೇಳಬೇಕೆಂದು ಯೋಚಿಸುತ್ತಿದ್ದೆ. ಮನೆಯ ಹುಡುಗಿಯ ಮುಖ ನೋಡಿ ಹೇಳಲಾರೆ. ಅದಕ್ಕೆ ನಿನಗೆ ಬರೆಯುತ್ತೇನೆ. ನೀನು ಇಲ್ಲಿಗೆ ಬಂದು ಅವಳಿಗೆ ಓದಿ ಹೇಳು.

ನಾನು ಹಿರೇಕೆರೂರಿನಲ್ಲಿದ್ದಾಗ ಹರಿಜನ ಕೇರಿಯಲ್ಲಿ ಸಂಜೆ ಶಾಲೆ ನಡೆಸುತ್ತಿದ್ದೆ. ಗಾಂಧಿಯವರ ಮಾತು ತಲೆಗೆ ಹತ್ತಿದ ಕಾಲ. ಒಂದು ದಿನ ಆ ಮಕ್ಕಳ ಜೊತೆ ಕೂತು ರೊಟ್ಟಿ ಉಂಡೆ. ಸುದ್ದಿ ನನಗಿಂತ ಮೊದಲು ಸವಣೂರಿಗೆ ಮುಟ್ಟಿತು. ನಾನು ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲಿ ನಿಂತು, "ಅಲ್ಲಿ ಉಂಡ ಕೈ ಒಳಗ ಬ್ಯಾಡ" ಎಂದಳು. ಅಂದಿನಿಂದ ನನ್ನ ಎಲೆ ಹೊರಗಿನ ಕಟ್ಟೆಗೆ ಬಂತು. ಎರಡು ಗೇಣು ಮೇಲಿನಿಂದ ಬಡಿಸುತ್ತಿದ್ದಳು. ನಮಸ್ಕಾರ ಮಾಡಲು ಬಗ್ಗಿದರೆ ಕಾಲು ಹಿಂದೆ ಸರಿಸುತ್ತಿದ್ದಳು. ಹೀಗೆ ಐದು ವರ್ಷ. ಮಕ್ಕಳಿಗೆ ತಿಳಿಯದಿರಲೆಂದು, ಕಟ್ಟೆಯ ಮೇಲೆ ಗಾಳಿ ಚೆನ್ನಾಗಿದೆ ಎಂದು ನಾನೇ ಹೇಳುತ್ತಿದ್ದೆ. ತುಳಸಾ ಈಗಲೂ ನಾನು ಗಾಳಿಗೇ ಅಲ್ಲಿ ಕೂರುತ್ತಿದ್ದೆ ಎಂದು ನಂಬಿದ್ದಾಳೆ.

ಆ ಶನಿವಾರ ಮಧ್ಯಾಹ್ನ ಅಳುತ್ತಲೇ ಮನೆಗೆ ಬಂದೆ. ಬಾಗಿಲಲ್ಲಿ ಅವ್ವ ಒದ್ದೆ ಸೀರೆಯಲ್ಲಿ ಕೂತಿದ್ದಳು. "ಅವ್ವಾ, ಬಾಪೂ ಹೋದರು" ಎಂದೆ. ಅವಳು ನನ್ನ ಮುಖವನ್ನು ನೋಡಿದಳು, ಕಾಲನ್ನು ನೋಡಿದಳು. "ಇಲ್ಲೇ ಇದ್ದೀಯಲ್ಲೋ, ನನ್ನಪ್ಪಾ!" ಎಂದು ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. ಮಡಿ ಇಲ್ಲ, ಮೈಲಿಗೆ ಇಲ್ಲ. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ನೋಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಒಳಗಿನಿಂದ ಸಕ್ಕರೆಯ ಡಬ್ಬಿ ತಂದು ತನ್ನ ಕೈಯಿಂದ ನನ್ನ ಬಾಯಿಗೆ ಹಾಕಿದಳು. ಆಮೇಲೆ ಹಾದಿಯಲ್ಲಿ ಕಂಡ ಕಂಡವರಿಗೆ. ಓಣಿ ಗುಡಿಸುವ ಚೌಡವ್ವ ದೂರ ನಿಂತಿದ್ದರೆ ಅವಳನ್ನು ಕರೆದು, ಕೈ ಹಿಡಿದು, ಅಂಗೈಯಲ್ಲಿ ಸಕ್ಕರೆ ಇಟ್ಟಳು. ಆಮೇಲೆ ಸ್ನಾನ ಮಾಡಿದಳೇ? ಮಾಡಿದಳು, ಸುಳ್ಳು ಯಾಕೆ ಹೇಳಲಿ. ಆದರೆ ಅಂದು ಸಂಜೆ ನನ್ನ ಎಲೆಯನ್ನು ಅಡುಗೆಮನೆಯಲ್ಲಿ ಹಾಕಿದಳು.

ಗಾಂಧಿಯವರು ಬದುಕಿರುವವರೆಗೆ ನನ್ನಿಂದ ನಮ್ಮ ಮನೆಯಲ್ಲಿ ಮಾಡಲಾಗದ್ದು ಅವರು ಹೋದ ಮರುದಿನ, ಇಬ್ಬರು ಹುಡುಗಿಯರ ಅವಸರದಿಂದ ಆಗಿಹೋಯಿತು.

ಈಗ ನನ್ನ ಗುಟ್ಟು. ಜನ ಬಂದು ಬಾಗಿಲಲ್ಲಿ ನಿಂತಾಗ, ಇವರು ಹೇಳುವುದು ಪೂರಾ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ದೇಶವೇ ಅಳುತ್ತಿತ್ತು. ನಾನು ಬಾಪೂ ಎಂದು ನಂಬಿದವರ ಚಿತೆ ಅದೇ ಹೊತ್ತಿಗೆ ಉರಿಯುತ್ತಿತ್ತು. ನನ್ನ ಕಣ್ಣಲ್ಲಿ ನೀರಿತ್ತು, ಒಳಗೆ ಹಿಗ್ಗಿತ್ತು. ಐದು ವರ್ಷದ ಮೇಲೆ ಅವ್ವನ ಕೈ ಸಿಕ್ಕಿತ್ತಮ್ಮಾ, ಹಿಗ್ಗದೆ ಏನು ಮಾಡಲಿ? ಅವತ್ತು ನಾನು ತಲೆ ತಗ್ಗಿಸಿದ್ದು ಅದಕ್ಕೆ. ಸವಣೂರಿಗೆ ಹೋಗದಿದ್ದದ್ದೂ ಊರಿನ ಮೇಲಿನ ಸಿಟ್ಟಿಗಲ್ಲ. ಯಾರಾದರೂ ಅಡ್ಡ ನಿಂತು, "ಆ ದಿನ ನಿಮ್ಮ ಮನೆಯಲ್ಲಿ ಸಂತೋಷ ಇತ್ತೋ ಇಲ್ಲೋ?" ಎಂದು ಕೇಳಿದರೆ ಇಲ್ಲವೆಂದು ಹೇಳಲು ನನ್ನಿಂದಾಗದು. ಹೌದು, ಇತ್ತು. ಈಗ ಬರೆದುಬಿಟ್ಟೆ. ಬರೆದ ಮೇಲೆ ನೋಡಿದರೆ ಅಂಥ ದೊಡ್ಡ ಅಪರಾಧವಾಗಿ ಕಾಣುತ್ತಿಲ್ಲ. ಸವಣೂರಿಗೂ ಒಮ್ಮೆ ಹೋಗಿ ಬರೋಣ, ಮೂವರೂ ಕೂಡಿ. ಕೇಳಿದವರಿಗೆ ನಾನೇ ಹೇಳುತ್ತೇನೆ, ನಗುವವರು ನಗಲಿ.

ಅವ್ವ ೧೯೬೧ರಲ್ಲಿ ತೀರಿಕೊಂಡಳು. ಅಲ್ಲಿಯವರೆಗೆ, ರಜೆಗೆ ಬಂದಾಗೆಲ್ಲ, ಆಮೇಲೆ ಹಾನಗಲ್ಲಿಗೆ ವರ್ಗವಾದ ಮೇಲೆ ದಿನಾ, ಅಡುಗೆಮನೆಯಲ್ಲಿ ಅವಳ ಎದುರು ಕೂತು ಉಂಡೆ. ಮಜ್ಜಿಗೆಗೆ ಉಪ್ಪು ಸಾಕೇ ಎಂದು ಕೇಳಿ, ನಾನು ಸಾಕು ಎಂದರೂ ಒಂದು ಚಿಟಿಕೆ ಹಾಕುತ್ತಿದ್ದಳು.

ನಾನು ನಿಮ್ಮಿಬ್ಬರನ್ನು ಕ್ಷಮಿಸಬೇಕಂತೆ. ಹುಚ್ಚಿಗಳಿರಾ, ಹದಿಮೂರು ವರ್ಷ ನನಗೆ ಅವ್ವನ ಎದುರು ಊಟ ಹಾಕಿಸಿದವರನ್ನು ನಾನು ಏನೆಂದು ಕ್ಷಮಿಸಲಿ?

ಇನ್ನೂ ಹೋಗದ
ಬಾಪೂ